ಎಮಿಲ್ ಫಾನ್ ಬೇರಿಂಗ್ (1854–1917): ಜೀವನ ಮತ್ತು ಸಾಧನೆ

ಜಾನುವಾರುಗಳಿಗೆ ಲಸಿಕೆ ಹಾಕಿದ ನಂತರ ಅವುಗಳ ರಕ್ತದ ಮಾದರಿಯನ್ನು ಸಂಗ್ರಹಿಸಿ, ಅದರಲ್ಲಿ ರೋಗದ ವಿರುದ್ಧ ಪ್ರತಿಕಾಯಗಳು ಉತ್ಪತ್ತಿಯಾಗಿವೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗುತ್ತದೆ. ಈ ಪದ್ಧತಿಗೆ ತಳಹದಿ ಹಾಕಿದವರಲ್ಲಿ ಜರ್ಮನಿಯ ವೈದ್ಯ ವಿಜ್ಞಾನಿ ಎಮಿಲ್ ಫಾನ್ ಬೇರಿಂಗ್ ಪ್ರಮುಖರಾಗಿದ್ದಾರೆ.

ಜನನ ಮತ್ತು ವಿದ್ಯಾಭ್ಯಾಸ

ಬೇರಿಂಗ್ ಅವರು 1854ರ ಮಾರ್ಚ್ 15ರಂದು ಅಂದಿನ ಪ್ರಷ್ಯಾದ ಹಾನ್ಸ್‌ಡಾರ್ಫ್ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ಶಾಲಾ ಶಿಕ್ಷಕರು. 13 ಮಕ್ಕಳ ಕುಟುಂಬಕ್ಕೆ ವಿಶ್ವವಿದ್ಯಾಲಯದ ವೆಚ್ಚವನ್ನು ಭರಿಸುವ ಶಕ್ತಿ ಇರಲಿಲ್ಲ. ಆದ್ದರಿಂದ ಬೇರಿಂಗ್ ಅವರು 1874ರಲ್ಲಿ ಬರ್ಲಿನ್ನಿನ ಸೇನಾ ವೈದ್ಯಕೀಯ ಕಾಲೇಜನ್ನು ಸೇರಿದರು. ಅಲ್ಲಿ ದೊರೆತ ಶಿಕ್ಷಣಕ್ಕೆ ಪ್ರತಿಯಾಗಿ ಸೇನೆಯಲ್ಲಿ ವೈದ್ಯರಾಗಿ ಸೇವೆ ಸಲ್ಲಿಸಿ, 1889ರಲ್ಲಿ ರಾಬರ್ಟ್ ಕಾಖ್ ಅವರ ಸಂಸ್ಥೆಯಲ್ಲಿ ಸಂಶೋಧನೆಗೆ ತೊಡಗಿದರು.

ಪ್ರತಿಕಾಯಗಳ ಶೋಧನೆ

ಅದೇ ವರ್ಷ ಜಪಾನಿನ ಶಿಬಾಸಾಬುರೊ ಕಿತಾಸಾಟೊ ಅವರು ಧನುರ್ವಾಯುವಿನ ರೋಗಾಣುವನ್ನು ಪ್ರತ್ಯೇಕಿಸಿ ಬೆಳೆಸಿದ್ದರು. ಇಬ್ಬರೂ ಕೂಡಿ ಮೊಲಗಳಿಗೆ ಧನುರ್ವಾಯುವಿನ ವಿರುದ್ಧ ರಕ್ಷಣೆ ಬರುವಂತೆ ಮಾಡಿ, ಆ ಮೊಲಗಳ ರಕ್ತದ ಸೀರಂ ಅನ್ನು ಇಲಿಗಳಿಗೆ ಚುಚ್ಚಿದರು. ಬಳಿಕ ರೋಗಾಣು ಸೇರಿಸಿದರೂ ಆ ಇಲಿಗಳು ಬದುಕಿದವು. ಸೀರಂ ಪಡೆಯದ ಇಲಿಗಳು ಸತ್ತವು. ಸೀರಂ ಹಾಗೂ ರೋಗಾಣುವಿನ ವಿಷವನ್ನು ಬೆರೆಸಿ 24 ಗಂಟೆ ಇಟ್ಟು ಚುಚ್ಚಿದಾಗ ವಿಷವು ನಿಷ್ಕ್ರಿಯವಾಗಿರುವುದು ಕಂಡುಬಂದಿತು. ಸಾಮಾನ್ಯ ಮೊಲದ ಸೀರಂಗೆ ಈ ಗುಣ ಇರಲಿಲ್ಲ. ರಕ್ಷಣೆಯು ರಕ್ತದ ದ್ರವಭಾಗದಲ್ಲಿದೆ, ಅದನ್ನು ಪರೀಕ್ಷಿಸಿ ತಿಳಿಯಬಹುದು ಎಂಬುದು ಇದರಿಂದ ಸಿದ್ಧವಾಯಿತು. ಈ ಫಲಿತಾಂಶವು 1890ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು.

ಮಕ್ಕಳ ಪ್ರಾಣಕ್ಕೆ ಎರವಾಗಿದ್ದ ಗಂಟಲಮಾರಿಗೂ ಇದೇ ಮಾರ್ಗವನ್ನು ಅನುಸರಿಸಲಾಯಿತು. ಹೆಚ್ಚು ಪ್ರಮಾಣದ ಸೀರಂಗಾಗಿ ಕುರಿಗಳನ್ನು, ಅನಂತರ ಕುದುರೆಗಳನ್ನು ಬಳಸಲಾಯಿತು. ಆದರೆ ಸೀರಂನ ಶಕ್ತಿ ಒಂದೊಂದು ಸಲ ಒಂದೊಂದು ಬಗೆಯಾಗಿರುತ್ತಿತ್ತು. ಪಾಲ್ ಎರ್ಲಿಖ್ ಅವರು ಅದನ್ನು ಅಳೆಯುವ ಖಚಿತ ವಿಧಾನವನ್ನು ರೂಪಿಸಿದ ಮೇಲೆಯೇ ಚಿಕಿತ್ಸೆಯು ನಂಬಿಕೆಗೆ ಅರ್ಹವಾಯಿತು. 1901ರಲ್ಲಿ ಬೇರಿಂಗ್ ಅವರಿಗೆ ವೈದ್ಯಶಾಸ್ತ್ರದ ಪ್ರಥಮ ನೊಬೆಲ್ ಪ್ರಶಸ್ತಿ ಲಭಿಸಿತು; ಕಿತಾಸಾಟೊ ಅವರಿಗೆ ಅದರಲ್ಲಿ ಪಾಲು ದೊರೆಯಲಿಲ್ಲ.

ಜಾನುವಾರು ಲಸಿಕೆ

ತರುವಾಯ ಬೇರಿಂಗ್ ಅವರು ದನಕರುಗಳ ಕ್ಷಯರೋಗದ ಕಡೆಗೆ ಗಮನ ಹರಿಸಿದರು. ಮನುಷ್ಯರ ಕ್ಷಯದ ಜೀವಂತ ರೋಗಾಣುಗಳಿಂದ ಕರುಗಳಿಗೆ ಲಸಿಕೆಯನ್ನು ತಯಾರಿಸಿದರು. ಆರಂಭದಲ್ಲಿ ಭರವಸೆ ಮೂಡಿತಾದರೂ ರಕ್ಷಣೆಯು ಬಹುಕಾಲ ಉಳಿಯಲಿಲ್ಲ. ಲಸಿಕೆಯ ರೋಗಾಣುಗಳು ಹಾಲಿನಲ್ಲಿ ಹೊರಬರುವ ಅಪಾಯವೂ ಕಂಡುಬಂದುದರಿಂದ ಅದನ್ನು ಕೈಬಿಡಲಾಯಿತು. ಪ್ರಸಿದ್ಧ ವಿಜ್ಞಾನಿಯ ಲಸಿಕೆಯಾದರೂ ಪರೀಕ್ಷೆಯಲ್ಲಿ ನಿಲ್ಲದಿದ್ದರೆ ಸ್ವೀಕಾರಾರ್ಹವಲ್ಲ ಎಂಬುದಕ್ಕೆ ಈ ಪ್ರಸಂಗವು ನಿದರ್ಶನವಾಗಿದೆ.

ಕೊನೆಯ ದಿನಗಳು

1913ರಲ್ಲಿ ಬೇರಿಂಗ್ ಅವರು ವಿಷ ಹಾಗೂ ಪ್ರತಿವಿಷದ ಮಿಶ್ರಣದಿಂದ ಗಂಟಲಮಾರಿಯ ಲಸಿಕೆಯನ್ನು ರೂಪಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಧನುರ್ವಾಯುವಿನ ಸೀರಂ ಅನೇಕ ಗಾಯಾಳು ಸೈನಿಕರ ಪ್ರಾಣವನ್ನು ಉಳಿಸಿತು. 1917ರ ಮಾರ್ಚ್ 31ರಂದು ಮಾರ್ಬುರ್ಗ್ ನಗರದಲ್ಲಿ ಅವರು ನಿಧನ ಹೊಂದಿದರು.

ಇಂದು ಎಲೈಸಾ ಮುಂತಾದ ವಿಧಾನಗಳಿಂದ ಅಲ್ಪ ಪ್ರಮಾಣದ ರಕ್ತದಲ್ಲಿಯೇ ಪ್ರತಿಕಾಯಗಳನ್ನು ಪತ್ತೆಹಚ್ಚಬಹುದಾಗಿದೆ. ಲಸಿಕೆ ಪಡೆದ ರಾಸು ನಿಜವಾಗಿಯೂ ರಕ್ಷಣೆ ಪಡೆದಿದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಇಂದಿಗೂ ಅದರ ರಕ್ತದಲ್ಲಿಯೇ ಹುಡುಕಲಾಗುತ್ತದೆ.