ಟೈಟಾನಿಕ್‌ನಿಂದ ಇಳಿದ ಗುರುಗಳು: ವಂ. ಫಾ. ಫ್ರಾನ್ಸಿಸ್ ಬ್ರೌನ್ ಯೇ.ಸ.

ಟೈಟಾನಿಕ್ ಹಡಗಿನ ಹಳೆಯ ಫೋಟೋಗಳನ್ನು ನಾವೆಲ್ಲರೂ ಪತ್ರಿಕೆಯಲ್ಲೋ ಟಿ.ವಿ.ಯಲ್ಲೋ ಒಮ್ಮೆಯಾದರೂ ನೋಡಿದ್ದೇವೆ. ಹಡಗು ಮುಳುಗುವ ಮೊದಲು ಅದರೊಳಗೆ ಓಡಾಡಿ ಆ ಫೋಟೋಗಳಲ್ಲಿ ಹಲವನ್ನು ತೆಗೆದವರು ಗುರುದೀಕ್ಷೆಗೆ ಸಿದ್ಧರಾಗುತ್ತಿದ್ದ ಯೇಸುಸಭೆಯ ಒಬ್ಬ ಯುವಕ ಎಂಬ ವಿಷಯ ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಅವರೇ ಐರ್ಲೆಂಡಿನ ಫಾ. ಫ್ರಾನ್ಸಿಸ್ ಬ್ರೌನ್. ಜಗತ್ತು ಅವರನ್ನು ನೆನೆಯುವುದು ಆ ಒಂದು ಪ್ರಯಾಣಕ್ಕಾಗಿ. ಆದರೆ ಅವರು ಬಿಟ್ಟುಹೋದ ಸುಮಾರು 42,000 ನೆಗೆಟಿವ್‌ಗಳಲ್ಲಿ ಟೈಟಾನಿಕ್‌ನ ಪಾಲು ತೀರಾ ಸಣ್ಣದು. ಮಿಕ್ಕವೆಲ್ಲ ಒಬ್ಬ ಧರ್ಮಗುರು ತನ್ನ ಕೆಲಸಕ್ಕೆಂದು ಊರೂರು ಸುತ್ತುವಾಗ ತೆಗೆದ ದಿನನಿತ್ಯದ ಫೋಟೋಗಳು.

ಫ್ರಾನ್ಸಿಸ್ ಹುಟ್ಟಿದ್ದು 1880ರ ಜನವರಿ 3ರಂದು, ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ. ಮಂಗಳೂರಿನಲ್ಲಿ ಇಟೆಲಿಯ ಯೇಸುಸಭೆಯ ಗುರುಗಳು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ್ದೂ ಅದೇ ತಿಂಗಳಿನಲ್ಲಿ. ಎಂಟು ಮಕ್ಕಳಲ್ಲಿ ಅವರೇ ಕೊನೆಯವರು. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ಒಂಬತ್ತು ವರ್ಷದವರಿದ್ದಾಗ ತಂದೆಯೂ ನೀರಿನಲ್ಲಿ ಮುಳುಗಿ ಮರಣ ಹೊಂದಿದರು. ಈ ಅನಾಥ ಬಾಲಕನಿಗೆ ಆಸರೆಯಾದವರು ಚಿಕ್ಕಪ್ಪ ರಾಬರ್ಟ್ ಬ್ರೌನ್. ಇವರು ಮುಂದೆ ಕ್ಲೋಯ್ನ್ ಧರ್ಮಪ್ರಾಂತ್ಯದ ಬಿಷಪರಾದರು. 1897ರಲ್ಲಿ ಫ್ರಾನ್ಸಿಸ್ ಯೇಸುಸಭೆ ಸೇರುವ ಮೊದಲು ಯುರೋಪ್ ಪ್ರವಾಸಕ್ಕೆ ಹೊರಟಾಗ ಕೈಗೆ ಒಂದು ಕ್ಯಾಮೆರಾ ಕೊಟ್ಟವರೂ ಇದೇ ಚಿಕ್ಕಪ್ಪ. ಡಬ್ಲಿನ್‌ನ ಬೆಲ್ವೆಡೇರ್ ಕಾಲೇಜಿನಲ್ಲಿ ಬ್ರದರ್ ಆಗಿ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಅವರು ಹುಡುಗರಿಗಾಗಿ ಕ್ಯಾಮೆರಾ ಕ್ಲಬ್ ಆರಂಭಿಸಿದರು. 1909ರಲ್ಲಿ ಚಿಕ್ಕಪ್ಪನ ಜೊತೆ ರೋಮ್‌ಗೆ ಹೋದಾಗ ಪೋಪ್ ಹತ್ತನೇ ಪಿಯುಸರ ಫೋಟೋ ತೆಗೆಯುವ ಭಾಗ್ಯವೂ ದೊರೆಯಿತು.

1912ರ ಏಪ್ರಿಲ್‌ನಲ್ಲಿ ಅದೇ ಚಿಕ್ಕಪ್ಪ ಕಳುಹಿಸಿಕೊಟ್ಟ ಉಡುಗೊರೆ ಟೈಟಾನಿಕ್‌ನ ಒಂದು ಟಿಕೆಟು. ನ್ಯೂಯಾರ್ಕಿಗಲ್ಲ, ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಫ್ರಾನ್ಸಿನ ಶೆರ್ಬರ್ಗ್ ಮೂಲಕ ಐರ್ಲೆಂಡಿನ ಕ್ವೀನ್ಸ್‌ಟೌನ್ ಬಂದರಿನವರೆಗೆ ಮಾತ್ರ. ಈಗ ಕೋವ್ ಎಂದು ಕರೆಯುವ ಈ ಊರಿನಲ್ಲೇ ಚಿಕ್ಕಪ್ಪನ ಬಿಷಪ್ ನಿವಾಸವಿತ್ತು. ಏಪ್ರಿಲ್ 10ರಂದು ಹಡಗು ಹತ್ತಿದ ಬ್ರದರ್ ಫ್ರಾನ್ಸಿಸ್ ಸುಮ್ಮನೆ ಕೂರಲಿಲ್ಲ. ಡೆಕ್ಕಿನಲ್ಲಿ ಅಡ್ಡಾಡುವವರು, ವ್ಯಾಯಾಮಶಾಲೆ, ತಂದೆಯ ಎದುರು ಬುಗುರಿ ಆಡಿಸುವ ಆರು ವರ್ಷದ ಬಾಲಕ, ಎಲ್ಲವನ್ನೂ ಕ್ಯಾಮೆರಾದಲ್ಲಿ ಹಿಡಿದರು. ವಯರ್‌ಲೆಸ್ ಕೋಣೆಯ ಫೋಟೋ ತೆಗೆಯುವಾಗ ಅವಸರದಲ್ಲಿ ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ಬಿದ್ದಿತು. ಬೇರೆ ಯಾವ ಫೋಟೋಗ್ರಾಫರ್ ಆಗಿದ್ದರೂ ಎಸೆದುಬಿಡುತ್ತಿದ್ದರೇನೋ. ಆದರೆ ಟೈಟಾನಿಕ್‌ನ ಆ ಕೋಣೆಯ ಫೋಟೋ ಎಂದು ಉಳಿದಿರುವುದು ಅದೊಂದೇ.

ಹಡಗಿನಲ್ಲಿ ಪರಿಚಯವಾದ ಶ್ರೀಮಂತ ಅಮೇರಿಕನ್ ದಂಪತಿ ತಮ್ಮ ಖರ್ಚಿನಲ್ಲಿ ಅವರನ್ನು ನ್ಯೂಯಾರ್ಕಿನವರೆಗೆ ಕರೆದೊಯ್ಯಲು ಮುಂದಾದರು. ಯಾರಿಗೆ ಆಸೆಯಾಗದು? ಬ್ರದರ್ ಫ್ರಾನ್ಸಿಸ್ ತಮ್ಮ ಪ್ರೊವಿನ್ಶಿಯಲ್‌ರಿಗೆ ವಯರ್‌ಲೆಸ್ ಮೂಲಕ ಅನುಮತಿ ಕೇಳಿದರು. ಕ್ವೀನ್ಸ್‌ಟೌನ್ ತಲುಪುವಾಗ ಉತ್ತರ ಕಾದಿತ್ತು. ಹಡಗಿನಿಂದ ಇಳಿಯಬೇಕೆಂಬ ನಾಲ್ಕೇ ಶಬ್ದಗಳ ಖಡಕ್ ತಂತಿ. ಮರುಮಾತಿಲ್ಲದೆ ಏಪ್ರಿಲ್ 11ರಂದು ಇಳಿದರು. ಇಳಿಯುವಾಗಲೂ ಕ್ಯಾಮೆರಾ ಕೈಯಲ್ಲಿತ್ತು. ಮೇಲಿನಿಂದ ಬಗ್ಗಿ ನೋಡುತ್ತಿರುವ ಕ್ಯಾಪ್ಟನ್ ಸ್ಮಿತ್‌ರ ಫೋಟೋ ಆಗ ತೆಗೆದದ್ದು. ಏಪ್ರಿಲ್ 14ರ ರಾತ್ರಿ ಹಡಗು ಹಿಮಗಡ್ಡೆಗೆ ಬಡಿದು, ಬೆಳಗಾಗುವುದರೊಳಗೆ 1,500ಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡರು. ಹಡಗಿನಲ್ಲಿದ್ದ ಮೂವರು ಕಥೋಲಿಕ್ ಗುರುಗಳೂ ಅದರಲ್ಲಿ ಸೇರಿದ್ದರು. ಇಂಗ್ಲೆಂಡಿನ ಫಾ. ಥಾಮಸ್ ಬೈಲ್ಸ್ ಕೊನೆಯವರೆಗೂ ಜನರ ಪಾಪನಿವೇದನೆ ಕೇಳುತ್ತಾ ಹಡಗಿನಲ್ಲೇ ಉಳಿದರು. ಬುಗುರಿಯ ಬಾಲಕ ಬದುಕಿದ, ಆದರೆ ಮೂರು ವರ್ಷಗಳ ನಂತರ ಅಪಘಾತದಲ್ಲಿ ತೀರಿಕೊಂಡ. ಬ್ರದರ್ ಫ್ರಾನ್ಸಿಸ್ ತೆಗೆದ ಫೋಟೋಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾದವು. ಆ ತಂತಿಯನ್ನು ಅವರು ಜೀವನಪೂರ್ತಿ ಜೋಪಾನವಾಗಿ ಇಟ್ಟುಕೊಂಡಿದ್ದರಂತೆ.

ಇಷ್ಟಾದ ಮೇಲೆ ಅವರು ಹೆಸರಾಂತ ಫೋಟೋಗ್ರಾಫರ್ ಆಗಬಹುದಿತ್ತು. ಅವರು ಮರಳಿದ್ದು ದೇವಶಾಸ್ತ್ರದ ತರಗತಿಗೆ. 1915ರ ಜುಲೈ 31ರಂದು, ಸಂತ ಇಗ್ನೇಷಿಯಸರ ಹಬ್ಬದ ದಿನ, ಚಿಕ್ಕಪ್ಪ ಬಿಷಪರ ಕೈಯಿಂದಲೇ ಗುರುದೀಕ್ಷೆ ಪಡೆದರು. ಮರುವರ್ಷ ಐರಿಶ್ ಗಾರ್ಡ್ಸ್ ಸೇನಾದಳದ ಚಾಪ್ಲಿನ್ ಆಗಿ ಮೊದಲ ಮಹಾಯುದ್ಧದ ರಣರಂಗಕ್ಕೆ ಹೋದರು. ಐದು ಸಲ ಗಾಯಗೊಂಡರು, ವಿಷಾನಿಲಕ್ಕೂ ತುತ್ತಾದರು. ಮಿಲಿಟರಿ ಕ್ರಾಸ್ ಪದಕ ಎರಡು ಸಲ ಲಭಿಸಿತು. ಜೊತೆಗಿದ್ದ ಗೆಳೆಯ ಫಾ. ವಿಲ್ಲಿ ಡೋಯ್ಲ್ 1917ರ ಆಗಸ್ಟ್‌ನಲ್ಲಿ ಗಾಯಾಳುಗಳ ಸೇವೆಯಲ್ಲಿದ್ದಾಗಲೇ ಹತರಾದರು. ಅಂಥ ಕಂದಕಗಳ ನಡುವೆಯೂ ಫಾ. ಬ್ರೌನ್ ಸೈನಿಕರ ಫೋಟೋ ತೆಗೆಯುವುದನ್ನು ಬಿಡಲಿಲ್ಲ. ವಿಷಾನಿಲದಿಂದ ಕೆಟ್ಟ ಆರೋಗ್ಯ ಸುಧಾರಿಸಲೆಂದು 1924ರಲ್ಲಿ ಹಿರಿಯರು ಅವರನ್ನು ಆಸ್ಟ್ರೇಲಿಯಾಕ್ಕೆ ಕಳುಹಿಸಿದರು. ಹೋಗುವಾಗ ದಕ್ಷಿಣ ಆಫ್ರಿಕಾ, ಬರುವಾಗ ಸಿಲೋನ್, ಏಡನ್, ಸುಯೆಜ್. ಎಲ್ಲ ಕಡೆಯ ಫೋಟೋಗಳೂ ಇವೆ.

ಆದರೆ ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾಗುವುದು ಇದಾದ ನಂತರದ ವರ್ಷಗಳು. 1929ರ ಹೊತ್ತಿಗೆ ಫಾ. ಬ್ರೌನ್‌ರನ್ನು ಮಿಶನ್ ಮತ್ತು ಧ್ಯಾನಕೂಟಗಳ ಪ್ರಬೋಧಕರ ತಂಡಕ್ಕೆ ನೇಮಿಸಲಾಯಿತು. ನಮ್ಮ ಧರ್ಮಕೇಂದ್ರಗಳಲ್ಲಿ ಹೊರಗಿನ ಗುರುಗಳು ಬಂದು ದಿನಗಟ್ಟಲೆ ಪ್ರವಚನ ಕೊಡುತ್ತಿದ್ದ ಮಿಶನ್‌ಗಳನ್ನು ಹಿರಿಯರು ಬಲ್ಲರು. ಅಂಥದ್ದೇ ಕೆಲಸ. ಐರ್ಲೆಂಡಿನ ಬಹುತೇಕ ಎಲ್ಲ ಧರ್ಮಕೇಂದ್ರಗಳಿಗೂ ಅವರು ಹೋಗಿ ಬಂದರು. ಪ್ರವಚನ, ಪಾಪನಿವೇದನೆಗಳೆಲ್ಲ ಹೆಚ್ಚಾಗಿ ಸಂಜೆಯ ಹೊತ್ತು, ಇಲ್ಲವೇ ಭಾನುವಾರ. ಹಗಲು ಸಿಕ್ಕ ಬಿಡುವಿನಲ್ಲಿ ಕ್ಯಾಮೆರಾ ಹಿಡಿದು ಊರು ಸುತ್ತುತ್ತಿದ್ದರು. ಉಳುವ ರೈತ, ಸಂತೆಯ ಜನ, ರೈಲು ನಿಲ್ದಾಣ, ಕುಲುಮೆ, ಶಾಲೆಯ ಮಕ್ಕಳು, ಹೊಟ್ಟೆಪಾಡಿಗಾಗಿ ಊರು ಬಿಟ್ಟು ಹಡಗು ಹತ್ತುವ ಕುಟುಂಬಗಳು ಆ ಫೋಟೋಗಳಲ್ಲಿವೆ. ಕೊಡಕ್ ಕಂಪೆನಿಯವರು ಫಿಲ್ಮ್ ಉಚಿತವಾಗಿ ಕೊಡುತ್ತಿದ್ದರು. ಇಲ್ಲವಾದರೆ ಬಡತನದ ವ್ರತ ಸ್ವೀಕರಿಸಿದ ಗುರುವೊಬ್ಬರಿಗೆ ಅಷ್ಟು ಫಿಲ್ಮ್ ಎಲ್ಲಿಂದ ಬರಬೇಕು!

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಬಣ್ಣದ ಚಿತ್ರಗಳನ್ನು ಬರೆದ ಬ್ರದರ್ ಅಂತೋನಿಯೊ ಮೊಸ್ಕೆನಿಯವರೂ ಯೇಸುಸಭೆಯವರೇ. ಆದರೆ ಮೊಸ್ಕೆನಿಯವರಿಗೆ ಚಿತ್ರ ಬರೆಯುವುದೇ ಹಿರಿಯರು ವಹಿಸಿದ ಕೆಲಸವಾಗಿತ್ತು. ಫಾ. ಬ್ರೌನ್‌ರಿಗೆ ವಹಿಸಿದ್ದು ಪ್ರವಚನ. ಫೋಟೋ ಅದರ ಸಂದುಗಳಲ್ಲಿ ನಡೆದದ್ದು.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ನಮ್ಮ ಧರ್ಮಕೇಂದ್ರಗಳ ಜ್ಯುಬಿಲಿ ಸ್ಮರಣ ಸಂಚಿಕೆಗಳನ್ನು ಸಿದ್ಧಪಡಿಸುವಾಗ ನಮಗೆ ಆಗುವ ದೊಡ್ಡ ತೊಂದರೆಯೆಂದರೆ ಹಳೆಯ ಫೋಟೋಗಳ ಹಿಂದೆ ಏನೂ ಬರೆದಿರುವುದಿಲ್ಲ. ಪ್ರಥಮ ಪರಮಪ್ರಸಾದದ ಸಾಲು ಸಾಲು ಮಕ್ಕಳು, ನಡುವೆ ವಿಗಾರರು, ಹಿಂದೆ ಗುರಿಕಾರರು. ಇಸವಿ ಯಾವುದು, ಹೆಸರು ಏನು, ಹೇಳುವವರು ತೀರಿಹೋಗಿದ್ದಾರೆ. ಫಾ. ಬ್ರೌನ್ ಈ ವಿಷಯದಲ್ಲಿ ಬಹಳ ಶಿಸ್ತಿನವರು. ಊರು, ದಿನಾಂಕ, ಚಿತ್ರದಲ್ಲಿರುವುದು ಏನು ಎಂದು ಬರೆದಿಡುತ್ತಿದ್ದರು. ತಮ್ಮ ಖಾಸಗಿ ಫೋಟೋಗಳಿಗೂ ಅದೇ ಕ್ರಮ.

1960ರ ಜುಲೈ 7ರಂದು ಫಾ. ಬ್ರೌನ್ ದೈವಾಧೀನರಾದರು. ಡಬ್ಲಿನ್‌ನ ಗ್ಲಾಸ್ನೆವಿನ್ ಸ್ಮಶಾನದಲ್ಲಿ ಅವರನ್ನು ಭೂಸ್ಥಾಪನೆ ಮಾಡಲಾಯಿತು. ಅವರ ನೆಗೆಟಿವ್‌ಗಳು ಒಂದು ದೊಡ್ಡ ತಗಡಿನ ಪೆಟ್ಟಿಗೆಯಲ್ಲಿ ಹಾಗೆಯೇ ಉಳಿದವು. 25 ವರ್ಷಗಳ ಕಾಲ ಯಾರೂ ಅದರತ್ತ ಗಮನ ಹರಿಸಲಿಲ್ಲ. 1985ರಲ್ಲಿ ಅದೇ ಸಭೆಯ ಫಾ. ಎಡ್ವರ್ಡ್ ಓಡೊನೆಲ್ ಆ ಪೆಟ್ಟಿಗೆಯನ್ನು ಕಂಡು ತೆರೆದು ನೋಡಿದರು. ಆ ಕಾಲದ ಫಿಲ್ಮ್‌ಗಳಲ್ಲಿ ಬಹಳಷ್ಟು ನೈಟ್ರೇಟ್‌ನಿಂದ ಮಾಡಿದವು, ತಾವಾಗಿಯೇ ಕರಗಿ ಹಾಳಾಗುವಂಥವು, ಸುಲಭವಾಗಿ ಬೆಂಕಿ ಹಿಡಿಯುವಂಥವು. ಇನ್ನು ಕೆಲವು ವರ್ಷ ತಡವಾಗಿದ್ದರೆ ನೋಡಲು ಏನೂ ಉಳಿಯುತ್ತಿರಲಿಲ್ಲ. ಡೇವಿಡ್ ಡೇವಿಸನ್ ಮತ್ತು ಅವರ ಮಗ ಎಡ್ವಿನ್ ಒಂದೊಂದಾಗಿ ಅವುಗಳ ಪ್ರತಿ ತೆಗೆದು ಉಳಿಸಿದರು. ಪ್ರತಿಯೊಂದಕ್ಕೂ ಗುರುಗಳೇ ಬರೆದಿಟ್ಟ ಊರು, ದಿನಾಂಕ ಸಿಕ್ಕಿದ್ದರಿಂದ ಯಾರನ್ನೂ ಕೇಳುತ್ತಾ ಹೋಗುವ ಅಗತ್ಯ ಬೀಳಲಿಲ್ಲ. ಟೈಟಾನಿಕ್‌ನ ಚಿತ್ರಗಳೂ ಅದೇ ಪೆಟ್ಟಿಗೆಯಲ್ಲಿದ್ದವು, ಯಾವುದೋ ಹಳ್ಳಿಯ ಸಂತೆಯ ಚಿತ್ರಗಳೊಡನೆ.