ಡೀಸೆಲ್ ಎಂಜಿನ್ ಹುಟ್ಟಿದ್ದು ಕಡಲೆಕಾಯಿ ಎಣ್ಣೆಗಾಗಿಯೇ? ರುಡಾಲ್ಫ್ ಡೀಸೆಲ್ ಅವರ ನಿಜವಾದ ಕಥೆ

ಡೀಸೆಲ್ ಎಂಜಿನ್ ಕಂಡುಹಿಡಿದವರು ಅದನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಲೆಂದೇ ಮಾಡಿದ್ದರು, ಅದಕ್ಕಾಗಿಯೇ ತೈಲ ಕಂಪನಿಗಳು ಅವರನ್ನು ಕೊಲ್ಲಿಸಿದವು ಎಂಬಂಥ ಸಂದೇಶಗಳು ನಮಗೆಲ್ಲ ಒಂದಲ್ಲ ಒಂದು ಗುಂಪಿನಲ್ಲಿ ಬಂದಿರುತ್ತವೆ. ಇದನ್ನು ನಂಬಿ ಗಾಡಿಗೆ ಅಡುಗೆ ಎಣ್ಣೆ ಸುರಿದರೆ ನಷ್ಟ ನಮ್ಮದೇ. ಹಾಗಾದರೆ ನಿಜವೇನು? ನೋಡೋಣ.

ಯಾರು ಈ ಡೀಸೆಲ್?

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಕಡೆಯವರು. 1870ರಲ್ಲಿ ಯುದ್ಧ ಶುರುವಾದಾಗ ಕುಟುಂಬ ಪ್ಯಾರಿಸ್ ಬಿಟ್ಟು ಲಂಡನ್‌ಗೆ ಹೋಗಬೇಕಾಯಿತು. 12 ವರ್ಷದ ರುಡಾಲ್ಫ್‌ನನ್ನು ಓದಿಗಾಗಿ ಆಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಕಳಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಓದುವಾಗ, ಶೈತ್ಯಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ ಅವರಿಗೆ ಗುರುವಾದರು. ಉಗಿ ಯಂತ್ರಗಳು ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಶೇ 90ರಷ್ಟನ್ನು ವ್ಯರ್ಥ ಮಾಡುತ್ತವೆ ಎಂಬ ಪಾಠ ಆ ಹುಡುಗನ ತಲೆಯಲ್ಲಿ ಉಳಿದುಬಿಟ್ಟಿತು.

ಒತ್ತಡವೇ ಬೆಂಕಿಕಡ್ಡಿ

ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವು ನೋಡಿದ್ದೇವೆ. ಡೀಸೆಲ್ ಹಿಡಿದದ್ದು ಇದೇ ಸೂತ್ರ. ಗಾಳಿಯನ್ನು ಸಾಕಷ್ಟು ಅದುಮಿದರೆ ಅದರ ಶಾಖಕ್ಕೇ ಇಂಧನ ಹೊತ್ತಿಕೊಳ್ಳುತ್ತದೆ, ಕಿಡಿ ಬೇಕಿಲ್ಲ. 1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಮೊದಲು ಕಾಗದದ ಮೇಲೆ ಹಾಕಿದ ಲೆಕ್ಕ ವಾತಾವರಣದ 250 ಪಟ್ಟು ಒತ್ತಡದ್ದು. ಅಷ್ಟನ್ನು ತಡೆಯುವ ಯಂತ್ರ ಆಗ ಎಲ್ಲಿಯೂ ಇರಲಿಲ್ಲ.

1893ರಲ್ಲಿ ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ಮೊದಲ ಎಂಜಿನ್ ನಿಂತಾಗ ಗಾಳಿ ಸೋರುತ್ತಿತ್ತು, ಬೇಕಾದ ಒತ್ತಡ ಏರಲಿಲ್ಲ. ಆಗಸ್ಟ್ 10ರಂದು ಇಂಧನ ಬಿಟ್ಟಾಗ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ಆದರೆ ಇಂಧನ ಹೊತ್ತಿಕೊಂಡಿತ್ತು! 1894ರ ಫೆಬ್ರವರಿ 17ರಂದು ಎಂಜಿನ್ ಸ್ವಂತ ಬಲದಿಂದ ಸುಮಾರು ಒಂದು ನಿಮಿಷ ಓಡಿತು. 1897ರ ಫೆಬ್ರವರಿಯಲ್ಲಿ ನಡೆದ ಅಧಿಕೃತ ಪರೀಕ್ಷೆಯಲ್ಲಿ ದಕ್ಷತೆ ಶೇ 26.2 ಎಂದು ದಾಖಲಾಯಿತು. ಒಂದು ವಿಚಾರವನ್ನು ಯಂತ್ರವಾಗಿಸಲು ವರ್ಷಗಳೇ ಹಿಡಿದವು, ಅದರಲ್ಲಿ ದೊಡ್ಡ ಪಾಲು ಈ ಒತ್ತಡವನ್ನು ಪಳಗಿಸುವುದಕ್ಕೇ ಹೋಯಿತು.

ಅದೇ ಕಷ್ಟ, ಇಂದಿನ ಗ್ಯಾರೇಜಿನಲ್ಲಿ

ಇಂದು ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವೆ ಈ ಒತ್ತಡವನ್ನು ತಡೆಯುವುದು ಹೆಡ್ ಗ್ಯಾಸ್ಕೆಟ್. ಟರ್ಬೊ ಇರುವ ಡೀಸೆಲ್ ಎಂಜಿನ್‌ಗಳಲ್ಲಿ ಇಂಧನ ಉರಿಯುವ ಕ್ಷಣದ ಒತ್ತಡ ವಾತಾವರಣದ 150 ಪಟ್ಟನ್ನೂ ದಾಟುತ್ತದೆ. ಅದಕ್ಕೇ ಹಲವು ಪದರಗಳ ಉಕ್ಕಿನ ಗ್ಯಾಸ್ಕೆಟ್ ಬಳಸುತ್ತಾರೆ. ಅನೇಕ ಡೀಸೆಲ್ ಎಂಜಿನ್‌ಗಳಿಗೆ ಒಂದೇ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪಗಳಲ್ಲಿ ಬರುತ್ತದೆ. ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂದು ಅಳೆದು, ಅದಕ್ಕೆ ತಕ್ಕ ದಪ್ಪವನ್ನು ಆರಿಸಬೇಕು. ತೆಳುವಾದರೆ ಪಿಸ್ಟನ್ ಹೆಡ್‌ಗೆ ಬಡಿಯಬಹುದು, ದಪ್ಪವಾದರೆ ಕಂಪ್ರೆಷನ್ ಇಳಿಯುತ್ತದೆ.

ಗ್ಯಾಸ್ಕೆಟ್‌ಗೆ ಮೇಲಿಂದ ಸಿಲಿಕೋನ್ ಪೇಸ್ಟ್ ಬಳಿದರೆ ಗಟ್ಟಿ ಎಂಬುದೂ ಒಂದು ತಪ್ಪು ನಂಬಿಕೆ. ಉಕ್ಕಿನ ಗ್ಯಾಸ್ಕೆಟ್‌ಗೆ ಕಾರ್ಖಾನೆಯಲ್ಲೇ ಲೇಪನ ಆಗಿರುತ್ತದೆ. ತಯಾರಕರು ಹೇಳದ ಕಡೆ ಪೇಸ್ಟ್ ಹಚ್ಚಬಾರದು. ಬೇಕಾದದ್ದು ಸಮತಟ್ಟಾದ, ನಯವಾದ ಮೇಲ್ಮೈ ಮತ್ತು ತಯಾರಕರು ಕೊಟ್ಟ ಕ್ರಮದಲ್ಲಿ, ಕೊಟ್ಟ ಅಳತೆಗೆ ಬಿಗಿದ ಬೋಲ್ಟ್‌ಗಳು. ಎಂಜಿನ್ ಆಯಿಲ್ ಹಾಲು ಬೆರೆತ ಚಹಾದಂತೆ ಕಂಡರೆ ಗ್ಯಾಸ್ಕೆಟ್ ಸೋರಿಕೆಯ ಅನುಮಾನ ಬರಬೇಕು.

ಹಾಗಾದರೆ ಕಡಲೆಕಾಯಿ ಎಣ್ಣೆ?

ಇದರಲ್ಲಿ ಅರ್ಧ ಸತ್ಯವಿದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿದ್ದು ನಿಜ. ಅದನ್ನು ಓಡಿಸಿದ್ದು ಫ್ರಾನ್ಸ್‌ನ ಆಟೊ ಕಂಪನಿ, ಫ್ರೆಂಚ್ ಸರ್ಕಾರದ ಕೋರಿಕೆಯ ಮೇರೆಗೆ. ಡೀಸೆಲ್ ಅವರ 1897ರ ಎಂಜಿನ್ ಓಡಿದ್ದು ಸೀಮೆಎಣ್ಣೆಯಲ್ಲಿ. ಮುಂದೆ ಅವರು ಸಸ್ಯದ ಎಣ್ಣೆಗಳಿಗೆ ಭವಿಷ್ಯವಿದೆ ಎಂದು ನಂಬಿದ್ದೂ ನಿಜ. ಆದರೆ ಹಸಿ ಎಣ್ಣೆ ಡೀಸೆಲ್‌ಗಿಂತ ತುಂಬಾ ಮಂದ, ಇಂದಿನ ಇಂಜೆಕ್ಟರ್‌ಗಳಲ್ಲಿ ಕಟ್ಟಿಕೊಳ್ಳುತ್ತದೆ. ಹೊಂಗೆ ಎಣ್ಣೆಯನ್ನೂ ರಾಸಾಯನಿಕವಾಗಿ ಬದಲಿಸಿ ತೆಳುವಾಗಿಸಿದ ಮೇಲಷ್ಟೇ ಬಯೋಡೀಸೆಲ್ ಎನ್ನುತ್ತಾರೆ.

ಸಾವು ಹೇಗಾಯಿತು?

1913ರ ಸೆಪ್ಟೆಂಬರ್ 29ರ ರಾತ್ರಿ ಬೆಲ್ಜಿಯಂನ ಆಂಟ್ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡೆನ್ ಹಡಗಿನಿಂದ ಡೀಸೆಲ್ ಕಾಣೆಯಾದರು. ಕೆಲವು ದಿನಗಳ ನಂತರ ಡಚ್ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವ ಸಿಕ್ಕಿತು. ಜೇಬಿನಲ್ಲಿದ್ದ ವಸ್ತುಗಳನ್ನು ಅವರ ಮಗ ಗುರುತಿಸಿದರು. ಆಗ ಡೀಸೆಲ್ ದೊಡ್ಡ ಸಾಲದಲ್ಲಿದ್ದರು. ಆತ್ಮಹತ್ಯೆ ಎಂದೇ ಹಲವರ ಅಭಿಪ್ರಾಯ. ಕೊಲೆ ಎನ್ನಲು ಪುರಾವೆ ಸಿಕ್ಕಿಲ್ಲ.

ಒಟ್ಟಿನಲ್ಲಿ, ಕಡಲೆಕಾಯಿ ಎಣ್ಣೆಯ ಪ್ರದರ್ಶನ ನಿಜ, ಅದಕ್ಕಾಗಿಯೇ ಎಂಜಿನ್ ಮಾಡಿದರು ಎಂಬುದು ತಪ್ಪು, ಕೊಲೆಯ ಕಥೆಗೆ ಆಧಾರವಿಲ್ಲ. ಮುಂದಿನ ಸಲ ಈ ಸಂದೇಶ ಬಂದರೆ ಇಷ್ಟನ್ನು ಹೇಳಿ ಕಳಿಸಿ. ಅಡುಗೆ ಎಣ್ಣೆ ಬಾಣಲೆಯಲ್ಲೇ ಇರಲಿ.