ನ್ಯಾಯದ ಪಾಲು ಹಂಚಿದ ದೇವರಾಜ ಅರಸು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಚರಿತ್ರೆ ಬರೆದುಕೊಡಬೇಕು ಅಂತ ಆಡಳಿತ ಮಂಡಳಿ ತೀರ್ಮಾನ ಮಾಡಿತು. ನಾವು ಆರಿಸಿಕೊಂಡಿದ್ದು ದಿವಂಗತ ಡಿ. ದೇವರಾಜ ಅರಸು ಅವರನ್ನು. ಅವರು ನಮ್ಮ ಜಿಲ್ಲೆಯವರಲ್ಲ. ಆದರೂ ನ್ಯಾಯ ಅಂದರೆ ಏನು ಎಂಬ ಪ್ರಶ್ನೆಯನ್ನು ಪುಸ್ತಕದಿಂದ ತೆಗೆದು ಹೊಲದ ಬದುವಿನ ಮೇಲೆ ತಂದು ಇಟ್ಟವರು ಅವರು.

ದೇವರಾಜ ಅರಸು ಅವರು ಹುಟ್ಟಿದ್ದು 1915ನೇ ಇಸವಿ ಆಗಸ್ಟ್ 20ರಂದು, ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಅರಸು ಅನ್ನುವ ಹೆಸರು ಕೇಳಿ ಅರಮನೆಯಲ್ಲಿ ಬೆಳೆದವರು ಅಂತ ತಿಳಿಯಬಾರದು. ಬೇಸಾಯದ ಮನೆಯವರು. ಪದವಿ ಮುಗಿಸಿದ ಮೇಲೆ ಊರಿಗೆ ಬಂದು ಆರಂಬಕ್ಕೆ ನಿಂತರು. ಆ ಕಾಲದಲ್ಲಿ ಡಿಗ್ರಿ ಓದಿ ನೇಗಿಲು ಹಿಡಿಯುವವರು ಬಹಳ ಅಪರೂಪ.

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡರು. 1952ರ ಮೊದಲ ಚುನಾವಣೆಯಲ್ಲಿ ಹುಣಸೂರಿನಿಂದ ಶಾಸಕರಾದರು. ಆಮೇಲೆ ಆ ಕ್ಷೇತ್ರ ಅವರ ಕೈಬಿಡಲಿಲ್ಲ. 1969ರಲ್ಲಿ ಕಾಂಗ್ರೆಸ್ ಎರಡು ಹೋಳಾದಾಗ ರಾಜ್ಯದ ದೊಡ್ಡ ನಾಯಕರೆಲ್ಲ ನಿಜಲಿಂಗಪ್ಪನವರ ಕಡೆ ನಿಂತರು. ಅರಸು ಅವರು ಇಂದಿರಾ ಗಾಂಧಿಯವರ ಕಡೆ ನಿಂತರು. 1972ರ ಚುನಾವಣೆಯಲ್ಲಿ, ಅದುವರೆಗೂ ವಿಧಾನಸಭೆಯ ಮೆಟ್ಟಿಲು ಹತ್ತದೇ ಇದ್ದ ಸಣ್ಣ ಪುಟ್ಟ ಜಾತಿಯ ಜನಕ್ಕೆ ಹುಡುಕಿ ಹುಡುಕಿ ಟಿಕೆಟ್ ಕೊಟ್ಟರು. 216 ಸ್ಥಾನದಲ್ಲಿ 165 ಗೆದ್ದು ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. ಅವರ ಸ್ವಂತ ಜನಾಂಗ ಬೆರಳೆಣಿಕೆಯದು. ಬೆನ್ನಿಗೆ ಜಾತಿ ಬಲ ಇಲ್ಲದವನು ಗದ್ದುಗೆಯಲ್ಲಿ ನಿಲ್ಲಬೇಕಾದರೆ, ಬಲ ಇಲ್ಲದವರನ್ನೆಲ್ಲ ಒಟ್ಟು ಸೇರಿಸಲೇಬೇಕು. ಅದನ್ನು ಅವರು ಚೆನ್ನಾಗಿ ತಿಳಿದಿದ್ದರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದೂ ಅವರ ಕಾಲದಲ್ಲೇ.

ಈಗ ಭೂಸುಧಾರಣೆ ವಿಷಯಕ್ಕೆ ಬರೋಣ. ಗೇಣಿದಾರರ ಕಾಯಿದೆ ಅದಕ್ಕೆ ಮುಂಚೆಯೂ ಇತ್ತು. ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲೇ ಗೇಣಿ ರೈತರು ಸತ್ಯಾಗ್ರಹ ಮಾಡಿದ್ದರು. 1961ರಲ್ಲಿ ಕಾಯಿದೆಯೂ ಆಯಿತು. ಆದರೆ ಅದರಲ್ಲಿ ತೂತು ಬಹಳ. ಪಹಣಿಯಲ್ಲಿ ಹೆಸರು ಬರಬಾರದು ಅಂತ ಎರಡು ವರ್ಷಕ್ಕೊಬ್ಬ ವಾರದಾರನನ್ನು ಬದಲಾಯಿಸುವ ಜಮೀನ್ದಾರರು ಇದ್ದರು. ಕೋರ್ಟಿಗೆ ಹೋದರೆ ವಕೀಲರ ಫೀಸು ಕೊಡಲು ಬಡವನ ಹತ್ತಿರ ಏನಿತ್ತು? ಕಾಯಿದೆ ಅವನ ಪರ ಇದ್ದರೂ ಕಚೇರಿ ಅವನಿಂದ ದೂರ ಇತ್ತು.

ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಂದಿನಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಅವನಿಗೇ ಮಂಜೂರು. ಅದನ್ನು ತೀರ್ಮಾನ ಮಾಡಲು ತಾಲ್ಲೂಕಿಗೆ ಒಂದರಂತೆ ಭೂ ನ್ಯಾಯಮಂಡಳಿ ಮಾಡಿದರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು, ಅದರಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕು. ವಕೀಲರಿಗೆ ಅಲ್ಲಿ ಪ್ರವೇಶ ಇಲ್ಲ ಅಂತ ಮೊದಲಿಗೆ ನಿಯಮ ಮಾಡಿದ್ದರು. ಲಂಗೋಟಿಯವನೂ ನೇರವಾಗಿ ಎದ್ದು ನಿಂತು, ಸ್ವಾಮಿ ಈ ಹೊಲ ಉತ್ತಿದ್ದು ನಾನು, ಅಂತ ಹೇಳಬಹುದಿತ್ತು. ಜಮೀನು ಕೊಟ್ಟಿದ್ದು ಎಷ್ಟು ದೊಡ್ಡದೋ, ಬಾಯಿ ಕೊಟ್ಟಿದ್ದೂ ಅಷ್ಟೇ ದೊಡ್ಡದು ಅಂತ ನಾವು ತಿಳಿದಿದ್ದೇವೆ. ರಾಜ್ಯದಲ್ಲಿ 8 ಲಕ್ಷಕ್ಕೂ ಮೇಲ್ಪಟ್ಟು ಅರ್ಜಿ ಬಂದವು. ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ಆದವು.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಇದರಿಂದ ಎಷ್ಟು ಲಾಭ ಆಯಿತು? ಇದ್ದದ್ದು ಇದ್ದ ಹಾಗೆ ಹೇಳಬೇಕು. ಕಾಯಿದೆಯ ಹೆಚ್ಚಿನ ಫಲ ಹೋಗಿದ್ದು ಗೇಣಿ ಜಾಸ್ತಿ ಇದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಕಡೆಗೆ. ನಮ್ಮ ಬಯಲುಸೀಮೆಯಲ್ಲಿ ತುಂಡು ಜಮೀನಿನವರೇ ಹೆಚ್ಚು, ಗೇಣಿ ಕಡಿಮೆ. ಭೂಮಿತಿಯಿಂದ ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರ್ ತೋಟಗಳನ್ನು ಬಿಟ್ಟರು. ನಮ್ಮ ತೆಂಗಿನ ತೋಟ ಆ ಪಟ್ಟಿಯಲ್ಲಿ ಇರಲಿಲ್ಲ. ಇದು ಯಾವ ನ್ಯಾಯ ಅಂತ ಕೇಳುವ ಹಿರಿಯರು ಈಗಲೂ ಇದ್ದಾರೆ. ಅವರ ಮಾತನ್ನು ತೆಗೆದುಹಾಕುವಂತಿಲ್ಲ.

ಇನ್ನೊಂದು ಮಾತೂ ಇದೆ. ಜಮೀನು ಕಳಕೊಂಡವರೆಲ್ಲ ಸಾವಿರ ಎಕರೆ ಒಡೆಯರಲ್ಲ. ಗಂಡ ಸತ್ತ ಹೆಂಗಸು ಉಳಲಾರದೆ ಎರಡೆಕರೆ ವಾರಕ್ಕೆ ಕೊಟ್ಟಿದ್ದರೆ ಅದೂ ಹೋಯಿತು. ಸೈನಿಕರು, ನಾವಿಕರಿಗೆ ಬಿಟ್ಟ ರಿಯಾಯಿತಿ ವಿಧವೆಯರಿಗೆ ಇರಲಿಲ್ಲ. ಇನ್ನು ಸ್ವಂತವೂ ಇಲ್ಲ, ಗೇಣಿಯೂ ಇಲ್ಲ, ಬರೀ ಕೂಲಿ ಅನ್ನುವವನ ಕೈಗೆ ಈ ಕಾಯಿದೆಯಿಂದ ಬಂದಿದ್ದು ಅತಿ ಕಡಿಮೆ. ಒಬ್ಬರ ನ್ಯಾಯ ಇನ್ನೊಬ್ಬರ ಮನೆಯಲ್ಲಿ ಅನ್ಯಾಯವಾಗಿ ಕಾಣುತ್ತದೆ. ಆದರೆ ಹಾಗಂತ ಸುಮ್ಮನೆ ಕೂತಿದ್ದರೆ ಹಳೇ ಅನ್ಯಾಯವೇ ಮುಂದುವರಿಯುತ್ತಿತ್ತು.

ನಮ್ಮ ಕಡೆಗೆ ಹೆಚ್ಚು ಮುಟ್ಟಿದ್ದು ಬೇರೆ ಕೆಲಸಗಳು. 1976ರ ಋಣ ಪರಿಹಾರ ಕಾಯಿದೆಯಿಂದ ಸಣ್ಣ ರೈತರು, ಕೂಲಿಕಾರರು ಖಾಸಗಿ ಲೇವಾದೇವಿಯವರಿಗೆ ಕೊಡಬೇಕಾಗಿದ್ದ ಸಾಲ ಮನ್ನಾ ಆಯಿತು. ಜೀತ ಪದ್ಧತಿ ಕಾನೂನಿನಲ್ಲಿ ರದ್ದಾಯಿತು. ಮಲ ಹೊರುವ ಹೀನ ಪದ್ಧತಿಯನ್ನು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ನಿಲ್ಲಿಸಿದರು. 1972ರಲ್ಲಿ ಎಲ್.ಜಿ. ಹಾವನೂರು ಅವರ ಆಯೋಗ ನೇಮಕವಾಗಿ 1975ರಲ್ಲಿ ವರದಿ ಕೊಟ್ಟಿತು. 1977ರಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಆದೇಶ ಆಯಿತು. ಯಾರು ಪಟ್ಟಿಯ ಒಳಗೆ, ಯಾರು ಹೊರಗೆ ಅಂತ ದೊಡ್ಡ ಗಲಾಟೆಯೇ ನಡೆಯಿತು. ಆದರೂ ಮನೆತನದಲ್ಲಿ ಯಾರೂ ಶಾಲೆ ಮುಖ ನೋಡದವರ ಮಕ್ಕಳು ಹಾಸ್ಟೆಲಿನಲ್ಲಿದ್ದು ಓದಿ ಮೇಷ್ಟರು, ಗುಮಾಸ್ತರು, ಇಂಜಿನಿಯರು ಆದರು.

1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಶುರುವಾಗಿದ್ದೂ ಅರಸು ಕಾಲದಲ್ಲೇ. ಅದೇ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ಆಯಿತು. ಜಮೀನಿಲ್ಲದವನೂ ಒಂದು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಜೀವನ ಮಾಡಬಹುದು ಅನ್ನುವುದಕ್ಕೆ ಬುನಾದಿ ಅಲ್ಲಿ ಬಿತ್ತು. ನಮ್ಮ ಸಂಘ ಅದೇ ಬೇರಿನ ಒಂದು ಚಿಗುರು.

ಅರಸು ಅವರು ತಪ್ಪೇ ಮಾಡದ ದೇವರು ಅಂತ ನಾವು ಬರೆಯುವುದಿಲ್ಲ. 1975ರಿಂದ 77ರವರೆಗೆ ತುರ್ತು ಪರಿಸ್ಥಿತಿಯಲ್ಲಿ ಅವರ ಸರ್ಕಾರವೂ ವಿರೋಧಿಗಳನ್ನು ಜೈಲಿಗೆ ಹಾಕಿತು. ಬಡವನಿಗೆ ಬಾಯಿ ಕೊಟ್ಟ ಕಾಲದಲ್ಲೇ ಬೇರೆಯವರ ಬಾಯಿ ಕಟ್ಟಿದ್ದು ನ್ಯಾಯವಲ್ಲ. 1977ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಗ್ರೋವರ್ ಆಯೋಗ ಅವರ ಮೇಲಿನ ಕೆಲವು ಆರೋಪ ರುಜುವಾತಾಗಿವೆ ಎಂದಿತು. 1978ರ ಫೆಬ್ರವರಿಯಲ್ಲಿ ಅವರು ಮತ್ತೆ ಗೆದ್ದು ಬಂದರು. ಅದೇ ವರ್ಷ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಕಳಿಸಿದರು. ಮರುವರ್ಷವೇ ಇಬ್ಬರಿಗೂ ವಿರಸ ಬಂತು. 1980ರ ಜನವರಿಯಲ್ಲಿ ಅಧಿಕಾರ ಹೋಯಿತು. ಹಿಂದೆ ಬಂದ ಶಾಸಕರೆಲ್ಲ ಒಬ್ಬೊಬ್ಬರಾಗಿ ಪಕ್ಷ ಬದಲಾಯಿಸಿದರು. 1982ರ ಜೂನ್ 6ರಂದು ಅವರು ತೀರಿಕೊಂಡರು. ಆಗ ವಯಸ್ಸು ಇನ್ನೂ 66.

ಅರಸು ಅವರು ಮುಖ್ಯಮಂತ್ರಿಯಾಗುವ ಹಿಂದಿನ ವರ್ಷ, 1971ರಲ್ಲಿ, ಅಮೆರಿಕಾದ ಜಾನ್ ರಾಲ್ಸ್ ಎಂಬ ಪ್ರೊಫೆಸರು ನ್ಯಾಯದ ಮೇಲೆ ದೊಡ್ಡ ಗ್ರಂಥ ಬರೆದರಂತೆ. ಅದನ್ನು ಓದುವಷ್ಟು ವಿದ್ಯೆ ನಮಗಿಲ್ಲ, ತಿಳಿದವರಿಂದ ಕೇಳಿದ್ದೇವೆ. ಹುಟ್ಟಿದರೆ ಯಾವ ಮನೆಯಲ್ಲಿ ಹುಟ್ಟುತ್ತೇವೆ ಅಂತ ಗೊತ್ತಿಲ್ಲದೆ ಕೂತು ಕಾನೂನು ಮಾಡಿದರೆ ಅದು ನ್ಯಾಯದ ಕಾನೂನು, ಹೆಚ್ಚು ಕಡಿಮೆ ಇದ್ದರೂ ಅದರಿಂದ ತೀರ ಕೆಳಗಿರುವವನಿಗೆ ಒಳ್ಳೆಯದಾಗಬೇಕು, ಅನ್ನುವುದು ಅವರ ತಾತ್ಪರ್ಯ. ನಮ್ಮ ಹಳ್ಳಿಯವರಿಗೆ ಇದು ಹೊಸದೇನಲ್ಲ. ಅಣ್ಣ ತಮ್ಮಂದಿರು ಭಾಗ ಆಗುವಾಗ ಪಾಲು ಮಾಡುವವನು ಅಣ್ಣ, ಮೊದಲು ಆರಿಸಿಕೊಳ್ಳುವವನು ತಮ್ಮ. ತನಗೆ ಯಾವ ಗುಡ್ಡೆ ಬರುತ್ತದೋ ಗೊತ್ತಿಲ್ಲದವನು ಕಾಯಿ ಗುಡ್ಡೆಯನ್ನು ಸಮ ಮಾಡಿಯೇ ಹಾಕುತ್ತಾನೆ.

ಇಂದಿನ ಸ್ಥಿತಿ ನೋಡಿ. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ಮತ್ತೆ ತಿದ್ದುಪಡಿ ಬಂದು, ರೈತನಲ್ಲದವನೂ ಕೃಷಿ ಜಮೀನು ಕೊಳ್ಳಬಹುದು ಅಂತ ಆಯಿತು. ಒಳ್ಳೆ ಬೆಲೆ ಸಿಗುತ್ತದೆ ಅನ್ನುವವರೂ ಇದ್ದಾರೆ, ಹಳ್ಳಿ ಕೈತಪ್ಪುತ್ತದೆ ಅನ್ನುವವರೂ ಇದ್ದಾರೆ. ನಾವು ಹೇಳುವುದಿಷ್ಟೆ. ಮಾರುವ ಮುಂಚೆ, ಇದನ್ನು ಪಹಣಿಗೆ ಹತ್ತಿಸಲು ನಮ್ಮ ಹಿಂದಿನವರು ಎಷ್ಟು ಕಚೇರಿ ತಿರುಗಿದ್ದರು ಅಂತ ಒಮ್ಮೆ ಮನೆಯಲ್ಲಿ ಮಕ್ಕಳಿಗೆ ಹೇಳಿ.

ಸಂಘದಲ್ಲಿ ಹತ್ತು ಹಸುವಿನವರಿಗೂ ಒಂದೇ ಓಟು, ಒಂದು ಹಸುವಿನ ಅಜ್ಜಿಗೂ ಒಂದೇ ಓಟು. ನಿರ್ದೇಶಕರ ಮನೆ ಹಾಲಿಗೂ ಕೂಲಿಯವರ ಮನೆ ಹಾಲಿಗೂ ಅದೇ ಲ್ಯಾಕ್ಟೋಮೀಟರು, ಅದೇ ಫ್ಯಾಟ್ ಲೆಕ್ಕ. ಇದನ್ನು ತಪ್ಪದೆ ನಡೆಸಿಕೊಂಡು ಹೋಗುವುದು, ಸರ್ವ ಸದಸ್ಯರ ಸಭೆಯಲ್ಲಿ ಹಿಂದೆ ನಿಂತವರನ್ನು ಮುಂದೆ ಕರೆದು ಮಾತಾಡಿಸುವುದು, ಇದೇ ದೇವರಾಜ ಅರಸು ಅವರಿಗೆ ನಾವು ಸಲ್ಲಿಸುವ ನಿಜವಾದ ಗೌರವ.